ಉಳಿದ ಇನ್ನೂರು ದಿರ್ಹಮ್ ಯಾರದು?

ಮಕ್ಕಳೇ. ಕಾಲೇಜಿಗೆ ಹೋಗುವವರನ್ನು ಮಕ್ಕಳೇ ಅಂದರೆ ನಿಮಗೆ ಸಿಟ್ಟು ಬರಬಹುದು. ನೀವು ನನ್ನನ್ನು ಆಂಟಿ ಅಂತಲೇ ಕರೆಯುತ್ತೀರಲ್ಲ, ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು ಅಂದುಕೊಳ್ಳೋಣ.

ಇವತ್ತಿನ ಮಾತು ಥೀಮ್ ಪಾರ್ಕ್ ಟಿಕೆಟ್ಟಿನ ಬಗ್ಗೆ. ಈದ್ ರಜೆಯೋ ಡಿಸೆಂಬರ್ ರಜೆಯೋ ಹತ್ತಿರ ಬಂತೆಂದರೆ ನಮ್ಮ ಕನ್ನಡದ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಒಂದು ಸಂದೇಶ ತಿರುಗಲು ಶುರುವಾಗುತ್ತದೆ. ನೀವೂ ನೋಡಿರುತ್ತೀರಿ. ‘ಗೇಟಿನಲ್ಲಿ 345, ನಮ್ಮಲ್ಲಿ 145. ಇನ್ನು ಕೆಲವೇ ಟಿಕೆಟ್ ಉಳಿದಿವೆ. ಹಣ ಹಾಕಿದ ತಕ್ಷಣ ಕ್ಯೂಆರ್ ಕೋಡ್ ನಿಮ್ಮ ಫೋನಿಗೆ.’ ಕೆಳಗೆ ಒಂದು ಮೊಬೈಲ್ ನಂಬರು, ನಾಲ್ಕು ಪಟಾಕಿ ಚಿತ್ರ. ಕಳಿಸಿದವರು ಪರಿಚಯದ ಅಂಕಲ್ಲೇ. ಅವರಿಗೆ ಕಳಿಸಿದವರು ಯಾರು ಅಂತ ಅವರಿಗೂ ಗೊತ್ತಿರುವುದಿಲ್ಲ.

ನಿಮ್ಮ ಅಪ್ಪ ಬೆಂಗಳೂರಿನವರಾಗಿದ್ದರೆ ಬ್ಲ್ಯಾಕ್ ಟಿಕೆಟ್ ಅಂದರೆ ಏನು ಅಂತ ಒಮ್ಮೆ ಕೇಳಿನೋಡಿ, ಮುಖ ಅರಳುತ್ತದೆ. ಮೆಜೆಸ್ಟಿಕ್ ಸುತ್ತಿನ ಟಾಕೀಸುಗಳಲ್ಲಿ ರಾಜ್‌ಕುಮಾರ್ ಸಿನಿಮಾ ಬಿಡುಗಡೆಯಾದ ವಾರ ಹೌಸ್‌ಫುಲ್ ಬೋರ್ಡು ಬಿದ್ದ ಮೇಲೆ, ಗೇಟಿನ ಹೊರಗೆ ಒಬ್ಬ ನಿಮ್ಮ ಪಕ್ಕಕ್ಕೆ ಬಂದು ಎಲ್ಲೋ ನೋಡುತ್ತಾ ‘ಬಾಲ್ಕನಿ, ಬಾಲ್ಕನಿ’ ಅಂತ ಗೊಣಗುತ್ತಿದ್ದ. ಹತ್ತು ರೂಪಾಯಿ ಟಿಕೆಟ್ಟಿಗೆ ಇಪ್ಪತ್ತೈದು. ಅದು ಕಾನೂನಿಗೆ ವಿರುದ್ಧ, ಪೊಲೀಸರು ಬಂದರೆ ಓಡುತ್ತಿದ್ದ. ಆದರೆ ಅಲ್ಲೊಂದು ಲೆಕ್ಕ ಕಣ್ಣಿಗೆ ಕಾಣುವಂತಿತ್ತು. ಅವನು ಕೌಂಟರಿನಲ್ಲಿ ಹತ್ತು ಕೊಟ್ಟು ಕೊಂಡಿದ್ದಾನೆ, ಹದಿನೈದು ಲಾಭ ಹೊಡೆಯುತ್ತಾನೆ, ಆ ಹದಿನೈದು ಹೋಗುವುದು ನಿಮ್ಮಪ್ಪನ ಜೇಬಿನಿಂದ. ಇವತ್ತಿನ ವ್ಯಾಪಾರ ಇದರ ತಲೆಕೆಳಗು. 345ರ ಸರಕನ್ನು ಅಪರಿಚಿತನೊಬ್ಬ 145ಕ್ಕೆ ಕೊಡುತ್ತಾನೆ, ಅದರಲ್ಲೂ ಲಾಭ ಮಾಡುತ್ತಾನೆ.

ನಾನಿರುವ ಸತ್ವಾದಲ್ಲಿ ಬಟ್ಟೆ ಅಂಗಡಿಗೂ ದರ್ಜಿಗಳಿಗೂ ಬರವಿಲ್ಲ. ಹೊಲಿಗೆಗೆ ಐವತ್ತು ಅಂದವನನ್ನು ನಲವತ್ತಕ್ಕೆ ಇಳಿಸುವುದು ನಮ್ಮ ಹೆಂಗಸರಿಗೆ ಎಡಗೈ ಕೆಲಸ. ಆ ಹತ್ತು ದಿರ್ಹಮ್ ದರ್ಜಿಯ ಮಜೂರಿಯಲ್ಲಿ ಕಡಿಮೆಯಾಗುತ್ತದೆ, ನನಗೂ ಗೊತ್ತು, ಅವನಿಗೂ ಗೊತ್ತು. ಹಾಗಿದ್ದರೆ ಪಾರ್ಕ್ ಟಿಕೆಟ್ಟಿನ ಆ ಇನ್ನೂರು ದಿರ್ಹಮ್ ಯಾರ ಜೇಬಿನಿಂದ ಹೋಗುತ್ತಿದೆ? ಸಂದೇಶ ನೋಡಿದ ಕೂಡಲೇ ಈ ಒಂದು ಪ್ರಶ್ನೆ ಕೇಳಿಕೊಳ್ಳಿ. ಉತ್ತರಗಳು ಬಹಳ ಇಲ್ಲ, ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಕೆಟ್ಟ ಉತ್ತರ, ಕದ್ದ ಕಾರ್ಡು. ಯಾರದೋ ಕ್ರೆಡಿಟ್ ಕಾರ್ಡಿನ ನಂಬರು ಕಳ್ಳನ ಕೈಗೆ ಸಿಕ್ಕಿದೆ ಅಂತಿಟ್ಟುಕೊಳ್ಳಿ. ನಂಬರು ಹಿಡಿದುಕೊಂಡು ಅವನು ಮಾಡುವುದೇನು? ಅದನ್ನು ನಗದು ಮಾಡಬೇಕು. ಟಿವಿಯನ್ನೋ ಫೋನನ್ನೋ ಕೊಂಡರೆ ಮನೆ ವಿಳಾಸ ಕೊಡಬೇಕು, ಸರಕು ಬಂದಾಗ ಯಾರಾದರೂ ಮುಖ ತೋರಿಸಬೇಕು. ಟಿಕೆಟ್ಟಿಗೆ ಅವ್ಯಾವ ಗೋಜೂ ಇಲ್ಲ. ಒಂದು ನಿಮಿಷದಲ್ಲಿ ಇಮೇಲಿಗೆ ಬಂದುಬಿಡುತ್ತದೆ, ತೂಕವಿಲ್ಲ, ವಿಳಾಸವಿಲ್ಲ, ರಜೆಯ ಸಮಯದಲ್ಲಿ ಎಲ್ಲರಿಗೂ ಬೇಕು. ಅರ್ಧ ಬೆಲೆಗಿಂತ ಕಡಿಮೆಗೆ ಮಾರಿದರೂ ಬಂದದ್ದೆಲ್ಲ ಅವನಿಗೆ ಲಾಭವೇ. ಅಲ್ಲಿಗೆ ನೀವು ಕೊಟ್ಟ 145 ಕಳ್ಳನಿಗೆ ಹೋಯಿತು. ಪಾರ್ಕಿಗೆ ಸಂದಾಯವಾದ 345 ಇನ್ನೆಲ್ಲೋ ಇರುವ ಒಬ್ಬ ನರ್ಸಿನದೋ ಡ್ರೈವರಿನದೋ ಆಗಿರಬಹುದು. ತಿಂಗಳ ಕೊನೆಗೆ ಆಕೆ ಸ್ಟೇಟ್‌ಮೆಂಟ್ ನೋಡಿ, ಇದು ನಾನು ಮಾಡಿದ ಖರ್ಚಲ್ಲ ಅಂತ ಬ್ಯಾಂಕಿಗೆ ದೂರು ಕೊಡುತ್ತಾಳೆ. ಬ್ಯಾಂಕು ವಿಚಾರಿಸಿ, ಟಿಕೆಟ್ ಮಾರಿದವರ ಹತ್ತಿರ ಹಣ ವಾಪಸು ಪಡೆಯುತ್ತದೆ. ಟಿಕೆಟ್ ಇನ್ನೂ ಬಳಕೆಯಾಗಿರದಿದ್ದರೆ ರದ್ದಾಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ, ನಿಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ಕಾರ್ಡು ಬಳಕೆಯಾದ ದಿನಕ್ಕೂ ದೂರು ಬರುವ ದಿನಕ್ಕೂ ನಡುವೆ ಕೆಲವು ದಿನ, ಕೆಲವು ಸಲ ವಾರಗಳೇ ಇರುತ್ತವೆ. ಆ ನಡುವೆ ಹೋದವರಿಗೆ ಗೇಟು ತೆರೆಯುತ್ತದೆ. ಅವರು ಒಳಗೆ ಹೋಗಿ ಫೋಟೋ ಹಾಕುತ್ತಾರೆ, ‘ಟಿಕೆಟ್ ಅಸಲಿ, ನಾನೇ ಹೋಗಿ ಬಂದೆ’ ಅಂತ ಗುಂಪಿನಲ್ಲಿ ಬರೆಯುತ್ತಾರೆ. ಪಾಪ, ಸುಳ್ಳು ಹೇಳುತ್ತಿಲ್ಲ. ಅವರಿಗೆ ಗೊತ್ತಿಲ್ಲದೆಯೇ ಕಳ್ಳನ ಜಾಹೀರಾತು ಆಗಿಬಿಟ್ಟಿರುತ್ತಾರೆ ಅಷ್ಟೇ. ನನ್ನ ಗೆಳೆಯ ಹೋಗಿ ಬಂದಿದ್ದಾನೆ ಅನ್ನುವುದು ಆ ಟಿಕೆಟ್ ಸಾಚಾ ಅನ್ನುವುದಕ್ಕೆ ಸಾಕ್ಷಿಯಲ್ಲ.

ಎರಡನೆಯದು ನಕಲಿ. ಕನ್ನಡ ಓದಿದವಳು ನಾನು, ಪದ ಸಿಕ್ಕರೆ ಬಿಡುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಅಸಲಿ, ನಕಲಿ ಎರಡೂ ಕನ್ನಡಕ್ಕೆ ಬಂದದ್ದು ಅರಬ್ಬಿಯಿಂದ. ಶಾಲೆಯಲ್ಲಿ ಅರಬ್ಬಿ ಕಲಿತ ನಿಮಗೆ ಅಸ್ಲ್ ಅಂದರೆ ಮೂಲ, ಬೇರು ಅಂತ ಗೊತ್ತು. ನಕ್ಲ್ ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು, ಪ್ರತಿ ಮಾಡುವುದು. ಮನೆ ಸಾಮಾನು ಸಾಗಿಸುವ ಲಾರಿಗಳ ಮೇಲೂ ಅದೇ ಪದ ಬರೆದಿರುತ್ತದೆ. ನಿಮ್ಮ ಕೈಗೆ ಬರುವ ಕ್ಯೂಆರ್ ಕೋಡ್ ಈ ಅರ್ಥದಲ್ಲಿ ಥೇಟ್ ನಕಲಿ. ಅದರೊಳಗೆ ಇರುವುದು ಒಂದು ಸಂಖ್ಯೆ ಅಷ್ಟೇ. ಗೇಟಿನ ಯಂತ್ರ ಆ ಸಂಖ್ಯೆಯನ್ನು ಪಾರ್ಕಿನ ದಾಖಲೆಯಲ್ಲಿ ಹುಡುಕುತ್ತದೆ. ಇದ್ದರೆ, ಯಾರೂ ಬಳಸಿರದಿದ್ದರೆ, ಹಸಿರು ದೀಪ. ಒಂದು ಸಲ ಹಸಿರು ಬಿತ್ತೋ, ಆ ಸಂಖ್ಯೆ ಸತ್ತ ಹಾಗೆ. ಮಾರುವವನು ಒಂದೇ ನಿಜವಾದ ಟಿಕೆಟ್ ಕೊಂಡು ಅದರ ಚಿತ್ರವನ್ನು ಇಪ್ಪತ್ತು ಜನಕ್ಕೆ ಕಳಿಸಬಹುದು. ಬೆಳಿಗ್ಗೆ ಮೊದಲು ಬಂದವನು ಪುಣ್ಯವಂತ, ಉಳಿದ ಹತ್ತೊಂಬತ್ತು ಜನ ಬಿಸಿಲಲ್ಲಿ. ಟಿಕೆಟ್ ಕೊಂಡ ಖುಷಿಗೆ ಅದರ ಫೋಟೋವನ್ನು ಸ್ಟೇಟಸ್ಸಿಗೆ ಹಾಕುವವರಿಗೂ ಇದೇ ಮಾತು. ಆ ಕೋಡನ್ನು ಯಾರು ಬೇಕಾದರೂ ತೆಗೆದಿಟ್ಟುಕೊಂಡು ನಿಮಗಿಂತ ಮೊದಲು ಗೇಟಿಗೆ ಹೋಗಬಹುದು.

ನಮ್ಮ ಪರಿಚಯದ ಹುಡುಗರ ಕಥೆ ಹೇಳುತ್ತೇನೆ. ಏಳು ಜನ, ಎಲ್ಲ ಒಂದೇ ಕಾಲೇಜು, ಒಬ್ಬನ ತಂಗಿಯೂ ಜೊತೆಗಿದ್ದಳು. ಮಾರುವವನು ‘ಸತ್ವಾ ಬಸ್ ಸ್ಟ್ಯಾಂಡಿಗೆ ಬಾ, ನಗದು ಕೊಡು, ಕಣ್ಣೆದುರಿಗೇ ಕಳಿಸುತ್ತೇನೆ’ ಅಂದ. ಮುಖ ನೋಡಿ ಕೊಟ್ಟರೆ ಮೋಸವಿಲ್ಲ ಅಂತ ಇವರಿಗೆ ಧೈರ್ಯ. ಅವನು ಬಂದ, ಸಭ್ಯನಾಗಿಯೇ ಮಾತಾಡಿದ, ಏಳು ಕೋಡ್ ಕಳಿಸಿದ, ಹಣ ಎಣಿಸಿಕೊಂಡು ಹೋದ. ಶನಿವಾರ ಇವರು ಬಸ್ಸು ಹಿಡಿದು ಅಷ್ಟು ದೂರ ಹೋಗಿ ಸಾಲಿನಲ್ಲಿ ನಿಂತರು. ಎರಡು ಕೋಡ್ ಹಸಿರು, ಐದು ಕೆಂಪು. ಒಳಗೆ ಹೋದ ಇಬ್ಬರಿಗೆ ಹೊರಗೆ ಬರಲೂ ಮನಸ್ಸಿಲ್ಲ, ಒಳಗೆ ಆಡಲೂ ಮನಸ್ಸಿಲ್ಲ. ಹೊರಗಿದ್ದವರಲ್ಲಿ ಮೂವರ ಹತ್ತಿರ ಪೂರ್ತಿ ಬೆಲೆಗೆ ಟಿಕೆಟ್ ಕೊಳ್ಳುವಷ್ಟು ಹಣವೂ ಇರಲಿಲ್ಲ. ಮಾರಿದವನ ಫೋನ್ ಸ್ವಿಚ್ ಆಫ್. ಗೇಟಿನವರು ಕೇಳಿದ್ದು ಒಂದೇ ಪ್ರಶ್ನೆ, ‘ಇದನ್ನು ಎಲ್ಲಿ ಕೊಂಡಿರಿ?’ ಆ ಪ್ರಶ್ನೆಯನ್ನು ಒಬ್ಬ ಅಪರಿಚಿತ ಅಧಿಕಾರಿ ನಿಮ್ಮ ಎಮಿರೇಟ್ಸ್ ಐಡಿ ಕೈಯಲ್ಲಿ ಹಿಡಿದುಕೊಂಡು ಕೇಳಿದರೆ ಹೇಗಿರುತ್ತದೆ ಅಂತ ಊಹಿಸಿ. ಆ ತಂಗಿ ಪಾರ್ಕು ಅಂದರೆ ಈಗಲೂ ಬೇಡ ಅನ್ನುತ್ತಾಳಂತೆ.

ಇನ್ನೆರಡು ಬಗೆಗಳನ್ನು ಬೇಗ ಮುಗಿಸುತ್ತೇನೆ. ಸಿಬ್ಬಂದಿಗೆ ಪುಕ್ಕಟೆ ಕೊಟ್ಟ ಟಿಕೆಟ್ಟನ್ನು ಮಾರುವವರಿದ್ದಾರೆ. ಅದು ಮಾರುವುದಕ್ಕಲ್ಲ, ಸಿಕ್ಕಿಬಿದ್ದರೆ ಆ ನೌಕರನ ಕೆಲಸಕ್ಕೇ ಸಂಚಕಾರ. ಮೂರು ದಿನದ ಟಿಕೆಟ್ ಕೊಂಡು ಒಂದು ದಿನ ಬಳಸಿ, ಉಳಿದ ಎರಡು ದಿನ ಮಾರುವವರೂ ಇದ್ದಾರೆ. ಇದು ತಪ್ಪೇನು, ದುಡ್ಡು ಕೊಟ್ಟಿಲ್ಲವೇ ಅಂತ ನಿಮಗನ್ನಿಸಬಹುದು. ಅಂಥ ಟಿಕೆಟ್ಟು ಸಾಮಾನ್ಯವಾಗಿ ಕೊಂಡವರಿಗೆ ಮಾತ್ರ ಅಂತ ಷರತ್ತಿನಲ್ಲೇ ಬರೆದಿರುತ್ತದೆ. ಡಿಸ್ನಿ ವರ್ಲ್ಡ್ ಇರುವ ಅಮೆರಿಕದ ಫ್ಲಾರಿಡಾದಲ್ಲಿ ಹೀಗೆ ಬಳಸಿ ಉಳಿದ ದಿನಗಳನ್ನು ಮಾರುವುದರ ವಿರುದ್ಧ ರಾಜ್ಯದ ಕಾನೂನೇ ಇದೆ, ಗೇಟಿನಲ್ಲಿ ಬೆರಳನ್ನು ಸ್ಕ್ಯಾನ್ ಮಾಡಿಸುವ ಪದ್ಧತಿಯೂ ಇದೆ.

ಕೊನೆಯದು, ಟಿಕೆಟ್ಟೇ ಇಲ್ಲದ ಟಿಕೆಟ್ಟು. ಹಣ ಹೋಗುತ್ತದೆ, ಏನೂ ಬರುವುದಿಲ್ಲ. ಕೋಲ್ಡ್‌ಪ್ಲೇ ತಂಡ 2025ರ ಜನವರಿಯಲ್ಲಿ ಮೊದಲು ಅಬುಧಾಬಿಗೆ, ಆಮೇಲೆ ಮುಂಬೈಗೆ ಬಂದದ್ದು ನಿಮಗೆ ನೆನಪಿರಬೇಕು, ನಿಮ್ಮಲ್ಲಿ ಕೆಲವರು ಹೋಗಿಯೂ ಇದ್ದಿರಿ. ಆ ಮುಂಬೈ ಕಾರ್ಯಕ್ರಮದ ಟಿಕೆಟ್ಟಿಗೂ ದಿಲ್ಜಿತ್ ದೋಸಾಂಜ್ ಅವರ ಕಾರ್ಯಕ್ರಮದ ಟಿಕೆಟ್ಟಿಗೂ ನಡೆದ ಕಾಳದಂಧೆ ಎಷ್ಟಿತ್ತೆಂದರೆ, 2024ರ ಅಕ್ಟೋಬರಿನಲ್ಲಿ ಭಾರತದ ಜಾರಿ ನಿರ್ದೇಶನಾಲಯದವರು ಬೆಂಗಳೂರೂ ಸೇರಿ ಐದು ನಗರಗಳಲ್ಲಿ ಶೋಧ ನಡೆಸಿದರು. ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್, ಟೆಲಿಗ್ರಾಮ್ ಮೂಲಕ ನಕಲಿ ಟಿಕೆಟ್ ಮಾರಿದ್ದು ಅಲ್ಲಿ ಹೊರಬಿತ್ತು. ಅದೆಲ್ಲ ಯಾಕೆ, ತಿರುಮಲದ ದರ್ಶನದ ಟಿಕೆಟ್ಟಿಗೂ ನಕಲಿ ವೆಬ್‌ಸೈಟ್ ಮಾಡಿದವರಿದ್ದಾರೆ. ತಿಮ್ಮಪ್ಪನನ್ನೇ ಬಿಡದವರು ರೋಲರ್ ಕೋಸ್ಟರನ್ನು ಬಿಡುತ್ತಾರೆಯೇ? ನಮ್ಮ ದುಬೈಯ ಬಾಲಿವುಡ್ ಪಾರ್ಕ್ಸ್ 2023ರಲ್ಲೇ ಮುಚ್ಚಿತು. ಅಬುಧಾಬಿಯ ಯಾಸ್ ದ್ವೀಪದಲ್ಲಿ ಡಿಸ್ನಿಲ್ಯಾಂಡ್ ಬರುತ್ತದೆ ಅಂತ ಪ್ರಕಟಣೆ ಬಂದದ್ದು 2025ರ ಮೇ ತಿಂಗಳಲ್ಲಿ. ಮುಚ್ಚಿದ ಪಾರ್ಕಿಗೂ ಇನ್ನೂ ಕಟ್ಟದ ಪಾರ್ಕಿಗೂ ಯಾರಾದರೂ ಟಿಕೆಟ್ ಮಾರಲು ಬಂದರೆ ನನಗೇನೂ ಆಶ್ಚರ್ಯವಾಗುವುದಿಲ್ಲ.

ಈ ಬಗೆಯಲ್ಲೇ ಇನ್ನೂ ಚತುರರು ಟಿಕೆಟ್ ಮಾರುವುದೇ ಇಲ್ಲ, ಟಿಕೆಟ್ಟಿನ ಪುಟ ಮಾರುತ್ತಾರೆ. ಪಾರ್ಕಿನದೇ ಲಾಂಛನ, ಅದೇ ಬಣ್ಣ. ವಿಳಾಸದಲ್ಲಿ ಮಾತ್ರ ಎಲ್ ಅಕ್ಷರ ಇರಬೇಕಾದ ಕಡೆ ಒಂದು ಅನ್ನುವ ಅಂಕಿ, ಅಥವಾ ಹೆಸರಿನ ಕೊನೆಗೆ ‘ಆಫರ್’ ಅಂತ ಒಂದು ಬಾಲ. ನೀವು ಕಾರ್ಡ್ ನಂಬರು ಹಾಕುತ್ತೀರಿ, ಫೋನಿಗೆ ಒಟಿಪಿ ಬರುತ್ತದೆ, ಅದನ್ನೂ ಹಾಕುತ್ತೀರಿ. ಆ ಸಂದೇಶವನ್ನು ಪೂರ್ತಿ ಓದಿದ್ದರೆ ಗೊತ್ತಾಗುತ್ತಿತ್ತು. ಅದು 145 ದಿರ್ಹಮಿಗೆ ಬಂದದ್ದೇ ಅಲ್ಲ, ನಿಮ್ಮ ಕಾರ್ಡನ್ನು ಇನ್ಯಾರದೋ ಫೋನಿನ ವಾಲೆಟ್ಟಿಗೆ ಸೇರಿಸುವುದಕ್ಕೆ ಬಂದದ್ದು. ಇಲ್ಲಿನ ಬ್ಯಾಂಕುಗಳು 2025ರ ಜುಲೈನಿಂದ ಎಸ್‌ಎಂಎಸ್ ಒಟಿಪಿಯನ್ನು ಹಂತಹಂತವಾಗಿ ಬಿಟ್ಟು, ಬ್ಯಾಂಕಿನ ಆ್ಯಪ್‌ನಲ್ಲೇ ಒಪ್ಪಿಗೆ ಕೇಳುವ ಕ್ರಮಕ್ಕೆ ಬರತೊಡಗಿದವು. ಅಲ್ಲಿ ಮೊತ್ತವೂ ಪಡೆಯುವವರ ಹೆಸರೂ ಕಾಣುತ್ತವೆ. ಕಂಡರೂ ಓದದೆ ಬೆರಳೊತ್ತುವವರಿಗೆ ಯಾವ ಕ್ರಮವೂ ಉಪಯೋಗವಿಲ್ಲ ಬಿಡಿ.

ಇಲ್ಲಿಯವರೆಗೆ ಹೇಳಿದ್ದು ದುಡ್ಡು ಕಳೆದುಕೊಳ್ಳುವ ಮಾತು. ದುಡ್ಡು ಹೋದರೆ ಸಂಕಟ, ಆದರೆ ಹೋದರೆ ಹೋಯಿತು. ನನ್ನ ನಿದ್ದೆ ಕೆಡಿಸುವುದು ಇನ್ನೊಂದು. ಈ ವ್ಯಾಪಾರಕ್ಕೆ ಬೇಕಾದ್ದು ಕೊಳ್ಳುವವರು ಮಾತ್ರವಲ್ಲ, ನಡುವೆ ನಿಲ್ಲುವವರು. ನಡುವೆ ನಿಲ್ಲುವುದಕ್ಕೆ ನಿಮ್ಮಷ್ಟು ಅನುಕೂಲದವರು ಬೇರೆ ಇಲ್ಲ. ನಿಮಗೆ ಇನ್ನೂರು ಜನ ಗೆಳೆಯರು, ಹತ್ತು ಗುಂಪು. ನಿಮ್ಮ ಮಾತನ್ನು ಅವರು ನಂಬುತ್ತಾರೆ. ಪಾಕೆಟ್ ಮನಿ ಯಾವತ್ತೂ ಸಾಲುವುದಿಲ್ಲ. ‘ಬ್ರೋ, ನೀನು ಟಿಕೆಟ್ ಮಾರು, ಒಂದಕ್ಕೆ ಹದಿನೈದು ದಿರ್ಹಮ್ ನಿನಗೆ. ಹಣ ನಿನ್ನ ಅಕೌಂಟಿಗೆ ಬರಲಿ, ಉಳಿದದ್ದು ನನಗೆ ಕಳಿಸು’ ಅಂತ ಒಬ್ಬ ಹೇಳುತ್ತಾನೆ. ಕೇಳುವುದಕ್ಕೆ ಪಾರ್ಟ್ ಟೈಮ್ ಕೆಲಸದ ಹಾಗಿದೆ. ಈಗ ಲೆಕ್ಕ ಮತ್ತೆ ನೋಡಿ. ಕಾರ್ಡು ಕದ್ದವನ ಹೆಸರು ಎಲ್ಲೂ ಇಲ್ಲ. ಅವನ ಸಿಮ್ ಯಾರದೋ. ಕೊಂಡವರ ಫೋನಿನಲ್ಲಿ ಇರುವುದು ನಿಮ್ಮ ಹೆಸರು, ನಿಮ್ಮ ನಂಬರು, ನಿಮ್ಮ ಖಾತೆಯ ಐಬ್ಯಾನ್. ಹತ್ತು ಜನ ದೂರು ಕೊಟ್ಟರೆ ಪೊಲೀಸರು ಮೊದಲು ಬರುವುದು ಯಾರ ಮನೆಗೆ?

ಈ ದೇಶದಲ್ಲಿ ಇದು ಸಣ್ಣ ಮಾತಲ್ಲ. ವದಂತಿ ಮತ್ತು ಸೈಬರ್ ಅಪರಾಧಗಳ ವಿರುದ್ಧದ 2021ರ 34ನೇ ಫೆಡರಲ್ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಆನ್‌ಲೈನ್ ವಂಚನೆಗೆ ಅದರಲ್ಲಿ ಕನಿಷ್ಠ ಒಂದು ವರ್ಷ ಸೆರೆ, 2,50,000ದಿಂದ 10,00,000 ದಿರ್ಹಮ್‌ವರೆಗೆ ದಂಡ ಅಂತಿದೆ. ಕಳವಿನ ಹಣ ನಿಮ್ಮ ಖಾತೆಯ ಮೂಲಕ ಹಾದುಹೋದರೆ ಅದಕ್ಕೆ ಹಣ ಅಕ್ರಮ ವರ್ಗಾವಣೆಯ ಕಾನೂನು ಬೇರೆ. ನನಗೆ ಗೊತ್ತಿರಲಿಲ್ಲ ಅನ್ನುವುದನ್ನು ನೀವೇ ಕೂತು ರುಜುವಾತು ಮಾಡಬೇಕಾಗಬಹುದು. ಅದು ಮುಗಿಯುವವರೆಗೆ ದೇಶ ಬಿಡದಂತೆ ತಡೆ ಬೀಳಬಹುದು. ಎಂಜಿನಿಯರಿಂಗ್ ಸೀಟು ಮಂಗಳೂರಿನಲ್ಲೋ ಮಣಿಪಾಲದಲ್ಲೋ ಕಾಯುತ್ತಿರುತ್ತದೆ, ಹುಡುಗ ಇಲ್ಲಿಂದ ಹೊರಡುವ ಹಾಗಿಲ್ಲ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದಿದ್ದರೂ ನಾವು ಇಲ್ಲಿರುವುದು ವೀಸಾದ ಮೇಲೆ. ಶಿಕ್ಷೆಯಾದ ಮೇಲೆ ಗಡಿಪಾರೂ ಆಗಬಹುದು. ನಿಮ್ಮ ಅಪ್ಪ ಇಪ್ಪತ್ತು ವರ್ಷದಿಂದ ಕಟ್ಟಿಕೊಂಡ ಬದುಕು ಒಂದು ಟಿಕೆಟ್ಟಿಗೆ ಹದಿನೈದು ದಿರ್ಹಮ್ ಕಮಿಷನ್ನಿನ ಮೇಲೆ ಅಲುಗಾಡುತ್ತದೆ. ಹೆದರಿಸುತ್ತಿದ್ದಾಳೆ ಅಂದುಕೊಳ್ಳಿ, ಪರವಾಗಿಲ್ಲ. ಇದೊಂದು ವಿಷಯದಲ್ಲಿ ನೀವು ಹೆದರುವುದೇ ಒಳ್ಳೆಯದು.

ಹಾಗಾದರೆ 345 ಕೊಟ್ಟೇ ಹೋಗಬೇಕೇ, ನಾಲ್ಕು ಜನರ ಸಂಸಾರಕ್ಕೆ ಎಷ್ಟಾಯಿತು? ನಿಜ, ದುಬಾರಿಯೇ. ನಾನೂ ಪೂರ್ತಿ ಬೆಲೆ ಕೊಟ್ಟು ಹೋಗುವವಳಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಗಾದೆ ನಮ್ಮವರದೇ ಅಲ್ಲವೇ? ರಿಯಾಯಿತಿ ಅನ್ನುವ ಪದದ ಬೇರೂ ಅರಬ್ಬಿಯ ರಿಆಯ, ಅಂದರೆ ಆರೈಕೆ, ಕಾಳಜಿ. ಆಸ್ಪತ್ರೆ ಬೋರ್ಡುಗಳಲ್ಲಿ ನೋಡಿರುತ್ತೀರಿ. ನಿಜವಾದ ರಿಯಾಯಿತಿಗೆ ಕೊಡುವವರ ಹೆಸರಿರುತ್ತದೆ, ಕೊಡುವುದಕ್ಕೊಂದು ಕಾರಣವಿರುತ್ತದೆ. ಬೇಸಿಗೆಯಲ್ಲಿ ಪ್ರವಾಸಿಗರು ಕಡಿಮೆ, ಅದಕ್ಕೇ ಪಾರ್ಕುಗಳು ಇಲ್ಲಿನ ನಿವಾಸಿಗಳಿಗೆ ಎಮಿರೇಟ್ಸ್ ಐಡಿ ನೋಡಿ ಕಡಿಮೆ ದರ ಇಡುತ್ತವೆ. ವರ್ಷಕ್ಕೆ ಮೂರು ನಾಲ್ಕು ಸಲ ಹೋಗುವವರಿಗೆ ವಾರ್ಷಿಕ ಪಾಸು ಅಗ್ಗ. ಒಂದೇ ಗುಂಪಿನ ಎರಡು ಪಾರ್ಕಿಗೆ ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆ. ಎಂಟರ್‌ಟೇನರ್ 2001ರಲ್ಲಿ ದುಬೈಯಲ್ಲೇ ಹುಟ್ಟಿದ್ದು, ಆಗ ದಪ್ಪ ಕೂಪನ್ ಪುಸ್ತಕ, ಈಗ ಆ್ಯಪ್. ಒಂದು ಕೊಂಡರೆ ಒಂದು ಉಚಿತ ಅನ್ನುವುದು ಅದರ ವ್ಯಾಪಾರದ ಕ್ರಮ, ವ್ಯಾಪಾರಿಗಳೇ ಒಪ್ಪಿ ಸೇರಿರುತ್ತಾರೆ. ಕರಾಮಾ, ದೇರಾ ಕಡೆಯ ಟ್ರಾವೆಲ್ ಏಜೆನ್ಸಿಗಳಲ್ಲೂ ಗೇಟಿಗಿಂತ ಕಡಿಮೆಗೆ ಸಿಗುತ್ತದೆ, ಯಾಕೆಂದರೆ ಅವರು ಸಗಟಿನಲ್ಲಿ ಕೊಳ್ಳುತ್ತಾರೆ. ಅಂಗಡಿ ಇರುತ್ತದೆ, ಗೋಡೆಯ ಮೇಲೆ ಟ್ರೇಡ್ ಲೈಸೆನ್ಸ್ ಇರುತ್ತದೆ, ನಿಮ್ಮ ಹೆಸರಿಗೆ ರಶೀದಿ ಕೊಡುತ್ತಾರೆ. ಇಪ್ಪತ್ತು, ನಲವತ್ತು, ಎಪ್ಪತ್ತು ದಿರ್ಹಮ್ ಕಡಿಮೆಯಾದರೆ ಕಾರಣ ಹುಡುಕುವುದು ಕಷ್ಟವಲ್ಲ. ರಶೀದಿ ಕೇಳಿದಾಗ ‘ಏನು ಬ್ರೋ, ನಂಬಿಕೆ ಇಲ್ಲವಾ?’ ಅನ್ನುವವನ ಹತ್ತಿರ ಕೊಳ್ಳಬೇಡಿ.

ಇನ್ನೂ ಅನುಮಾನವಿದ್ದರೆ ಹಣ ಕೊಡುವ ಮೊದಲು ಪಾರ್ಕಿನ ಕಾಲ್ ಸೆಂಟರಿಗೇ ಫೋನ್ ಮಾಡಿ, ಈ ಹೆಸರಿನವರು ನಿಮ್ಮ ಅಧಿಕೃತ ಏಜೆಂಟರೇ ಅಂತ ಕೇಳಿ. ಮೂರು ನಿಮಿಷದ ಕೆಲಸ. ಇದನ್ನು ಮಾಡುವವರು ನನಗೆ ಗೊತ್ತಿರುವವರಲ್ಲಿ ಬೆರಳೆಣಿಕೆಯಷ್ಟು.

ಈಗಾಗಲೇ ಹಣ ಕೊಟ್ಟಾಗಿದೆ, ಮೋಸವೂ ಆಗಿದೆ ಅಂತಿಟ್ಟುಕೊಳ್ಳಿ. ಕಾರ್ಡಿನಲ್ಲಿ ಕೊಟ್ಟಿದ್ದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ, ಆ ಖರ್ಚಿನ ಬಗ್ಗೆ ದೂರು ದಾಖಲಿಸಿ. ನಗದು ಕೊಟ್ಟಿದ್ದರೆ ಈ ದಾರಿ ಇಲ್ಲ, ಮಾರುವವನು ನಗದೇ ಬೇಕು ಅನ್ನುವುದು ಅದಕ್ಕೇ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ನಂಬರನ್ನು ಬ್ಲಾಕ್ ಮಾಡುವ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ದುಬೈಯಲ್ಲಾದರೆ ಪೊಲೀಸರ ಇ-ಕ್ರೈಮ್ ವೇದಿಕೆಯಲ್ಲಿ ದೂರು ಕೊಡಬಹುದು, ತುರ್ತಲ್ಲದ ವಿಷಯಕ್ಕೆ 901 ಇದೆ. ಅಬುಧಾಬಿಯಲ್ಲಿ ಪೊಲೀಸರ ಅಮಾನ್ ಸೇವೆ, 8002626. ಲೈಸೆನ್ಸ್ ಇರುವ ಅಂಗಡಿಯೇ ಕೈಕೊಟ್ಟಿದ್ದರೆ ದುಬೈಯ ಗ್ರಾಹಕರ ದೂರಿನ ನಂಬರು 600545555.

ಮತ್ತೆ ದಯವಿಟ್ಟು ಆ ಮಾರುವವನ ಫೋಟೋ, ಫೋನ್ ನಂಬರು ಹಾಕಿ ‘ಇವನು ಕಳ್ಳ’ ಅಂತ ಇನ್‌ಸ್ಟಾಗ್ರಾಮಿನಲ್ಲಿ ಬರೆಯಬೇಡಿ. ಊರಿನಲ್ಲಿ ಇದು ಮಾಮೂಲಿ ಅನ್ನಿಸಬಹುದು. ಇಲ್ಲಿ ಆಗಲೇ ಹೇಳಿದ ಸೈಬರ್ ಕಾನೂನಿನಲ್ಲೇ ಒಬ್ಬರನ್ನು ಆನ್‌ಲೈನಿನಲ್ಲಿ ನಿಂದಿಸುವುದೂ ಒಪ್ಪಿಗೆಯಿಲ್ಲದೆ ಫೋಟೋ ಹರಡುವುದೂ ಬೇರೆ ಅಪರಾಧಗಳು. ದುಡ್ಡು ಕಳೆದುಕೊಂಡವರೇ ಆರೋಪಿಯಾಗಿ ನಿಲ್ಲಬಾರದು. ಗುಂಪಿನಲ್ಲಿ ‘ಆ ಸಂದೇಶ ನಂಬಬೇಡಿ, ನಾವು ದೂರು ಕೊಟ್ಟಿದ್ದೇವೆ’ ಅಂದರೆ ಸಾಕು. ಸಂದೇಶ ಮುಂದಕ್ಕೆ ಕಳಿಸಿದ ಆ ಅಂಕಲ್ಲಿಗೂ ಒಂದು ಫೋನ್ ಮಾಡಿ ತಿಳಿಸಿ, ಅವರು ಇನ್ನೂ ನಾಲ್ಕು ಗುಂಪಿಗೆ ಕಳಿಸಿರುತ್ತಾರೆ.